ಹಳೆಯ ವಿಡಿಯೋ ಟೇಪುಗಳ ರಕ್ಷಣೆಯೂ ಡಿ.ವಿ.ಡಿ. ರೆಕಾರ್ಡರಿನ ಉಪಯೋಗವೂ

ನಮ್ಮ ಶಾಲೆಯಲ್ಲಿ ವಿದ್ಯಾಭ್ಯಾಸ ಮಾಡಿ ಹೋಗಿರುವ ಹೆಣ್ಣುಮಕ್ಕಳ ಮನೆಗಳಲ್ಲಿ, ಕಪಾಟಿನ ಮೇಲಟ್ಟದಲ್ಲಿಯೋ ಹಳೆಯ ಟ್ರಂಕಿನಲ್ಲಿಯೋ, ನಾಲ್ಕಾರು ವಿಡಿಯೋ ಟೇಪುಗಳು ಇದ್ದೇ ಇರುವುವು. ೧೯೮೨ರಲ್ಲಿ ದೂರದರ್ಶನವು ಬಣ್ಣದ ಪ್ರಸಾರವನ್ನು ಆರಂಭಿಸಿದ ತರುವಾಯದ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ನಡೆದ ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ ಮೊದಲಾದ ಅಸಂಖ್ಯಾತ ಸಮಾರಂಭಗಳು ಇಂತಹ ಟೇಪುಗಳಲ್ಲಿ ಅಡಗಿಕೊಂಡಿರುವುವು. ಭಾವಚಿತ್ರದಲ್ಲಿ ಮುಖವೊಂದೇ ಉಳಿಯುವುದು. ಟೇಪಿನಲ್ಲಾದರೋ ನಡೆ, ನುಡಿ, ನಗೆ, ಕಂಠಸ್ವರಗಳೆಲ್ಲವೂ ಉಳಿದಿರುವುವು. ತಾಯ್ತಂದೆಗಳನ್ನು ಕಳೆದುಕೊಂಡವರು ಇದರ ಬೆಲೆಯನ್ನು ಚೆನ್ನಾಗಿ ಬಲ್ಲರು.

ಆದರೆ ಈ ಟೇಪುಗಳನ್ನು ನೋಡುವ ಯಂತ್ರಗಳು ದಿನೇ ದಿನೇ ಅಪರೂಪವಾಗುತ್ತಿರುವುವು. ಜಪಾನಿನ ಜೆ.ವಿ.ಸಿ. ಕಂಪೆನಿಯವರು ವಿ.ಎಚ್.ಎಸ್. ಕ್ರಮವನ್ನು ಮಾರುಕಟ್ಟೆಗೆ ತಂದದ್ದು ೧೯೭೬ರಲ್ಲಿ. ಆ ಯಂತ್ರಗಳನ್ನು ತಯಾರಿಸುತ್ತಿದ್ದವರಲ್ಲಿ ಕೊನೆಯವರೆಂದು ಹೆಸರಾದ ಫುನಾಯ್ ಕಂಪೆನಿಯವರು ಆ ಕೆಲಸವನ್ನು ನಿಲ್ಲಿಸಿದ್ದು ೨೦೧೬ರ ಜುಲೈ ತಿಂಗಳಿನಲ್ಲಿ. ನಲವತ್ತು ವರ್ಷಗಳಲ್ಲಿ ಒಂದು ಯುಗವೇ ಹುಟ್ಟಿ ಮುಗಿದಂತಾಯಿತು. ಟೇಪುಗಳಲ್ಲಿರುವುದನ್ನು ಬೇರೆ ಕಡೆಗೆ ವರ್ಗಾಯಿಸಿಕೊಳ್ಳುವ ಬಗೆ ಹೇಗೆಂದು ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ನಮ್ಮನ್ನು ಪದೇ ಪದೇ ಕೇಳುತ್ತಿರುವರು. ಅವರಲ್ಲಿ ಕೆಲವರ ಮನೆಯಲ್ಲಿ, ಕೊಲ್ಲಿ ದೇಶಗಳಿಂದಲೋ ಇಂಗ್ಲೆಂಡಿನಿಂದಲೋ ಬಂಧುಗಳು ಹಿಂದೆ ತಂದುಕೊಟ್ಟ, ಒಳಗೆ ಹಾರ್ಡ್ ಡ್ರೈವ್ ಉಳ್ಳ ಡಿ.ವಿ.ಡಿ. ರೆಕಾರ್ಡರು ಧೂಳು ಹಿಡಿದು ಬಿದ್ದಿರುವುದೂ ಉಂಟು. ಟೇಪುಗಳ ರಕ್ಷಣೆಗೆ ಅದಕ್ಕಿಂತ ಅನುಕೂಲವಾದ ಗೃಹೋಪಯೋಗಿ ಸಾಧನವು ದುರ್ಲಭವೆಂದೇ ಹೇಳಬೇಕು. ಆದಕಾರಣ ಅದನ್ನು ಬಳಸುವ ಕ್ರಮವನ್ನು ಈ ಸಂಚಿಕೆಯಲ್ಲಿ ಯಥಾಶಕ್ತಿ ವಿವರಿಸುವೆವು.

೧. ಟೇಪುಗಳು ಕೆಡುವುದೇಕೆ?

ವಿ.ಎಚ್.ಎಸ್. ಟೇಪೆಂಬುದು ಅರ್ಧ ಅಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಒಂದು ಮೈಗೆ ಅಯಸ್ಕಾಂತ ಗುಣವುಳ್ಳ ಸೂಕ್ಷ್ಮ ಕಣಗಳನ್ನು ಒಂದು ಬಗೆಯ ಅಂಟಿನಲ್ಲಿ ಕಲಸಿ ಲೇಪಿಸಿರುವರು. ಚಿತ್ರವೂ ಧ್ವನಿಯೂ ಆ ಕಣಗಳ ಅಯಸ್ಕಾಂತ ಸ್ಥಿತಿಯಲ್ಲಿ ಬರೆಯಲ್ಪಟ್ಟಿರುವುವು. ಕಾಲಕ್ರಮದಲ್ಲಿ ಈ ಸ್ಥಿತಿಯು ಸ್ವಲ್ಪ ಸ್ವಲ್ಪವಾಗಿ ಕ್ಷೀಣಿಸುವುದು, ಬಣ್ಣಗಳು ಮಾಸುವುವು. ಇದಕ್ಕಿಂತಲೂ ದೊಡ್ಡ ಶತ್ರುವೆಂದರೆ ತೇವ. ಗಾಳಿಯಲ್ಲಿರುವ ನೀರಿನಂಶವು ಆ ಅಂಟನ್ನು ಮೆಲ್ಲಮೆಲ್ಲನೆ ಸಡಿಲಗೊಳಿಸುವುದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದ ನಾಲ್ಕು ತಿಂಗಳು ಸಾಲದೆಂಬಂತೆ ಕಪಾಟಿನೊಳಗೆ ವರ್ಷವಿಡೀ ತೇವವು ನೆಲಸಿರುವುದಷ್ಟೆ. ಅಂತಹ ಕಡೆಗಳಲ್ಲಿ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಬೆಳೆಯುವುದು.

ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಲೇಬಾರದು. ಯಂತ್ರದೊಳಗೆ ಒಂದು ಸಣ್ಣ ಉರುಳೆಯು ಸೆಕೆಂಡಿಗೆ ಇಪ್ಪತ್ತೈದು ಸುತ್ತು ತಿರುಗುತ್ತಿರುವುದು. ಚಿತ್ರವನ್ನು ಓದುವ ಹೆಡ್ಡುಗಳು ಅದರ ಮೈಯಲ್ಲಿಯೇ ಇರುವುವು. ಒಂದು ಟೇಪಿನ ಬೂಷ್ಟು ಆ ಹೆಡ್ಡುಗಳಿಗೆ ಅಂಟಿದರೆ ಮುಂದೆ ಹಾಕುವ ಹತ್ತು ಟೇಪುಗಳಿಗೂ ರೋಗವು ಹರಡುವುದು. ಅಂಥದನ್ನು ಪ್ರತ್ಯೇಕವಾಗಿ ಕಾಗದದಲ್ಲಿ ಸುತ್ತಿಟ್ಟು, ಶುದ್ಧಿ ಮಾಡಬಲ್ಲ ಪರಿಣತರಿಗೆ ಒಪ್ಪಿಸುವುದು ಲೇಸು.

ನಮ್ಮ ಶಾಲೆಯಲ್ಲಿ ಬಹುಕಾಲ ಸಂಗೀತ ಕಲಿಸಿದ ಉಪಾಧ್ಯಾಯಿನಿಯೊಬ್ಬರು ಈಗ ನಮ್ಮೊಡನಿಲ್ಲ. ಅವರು ಹಾಡಿದ ಧ್ವನಿಯು ಒಂದೇ ಒಂದು ವಾರ್ಷಿಕೋತ್ಸವದ ಟೇಪಿನಲ್ಲಿ, ಮೂರು ನಾಲ್ಕು ನಿಮಿಷಗಳಷ್ಟು ಮಾತ್ರ, ಉಳಿದಿದ್ದಿತು. ಅದೇ ಪೆಟ್ಟಿಗೆಯಲ್ಲಿ ಅದರ ಮಗ್ಗುಲಲ್ಲಿದ್ದ ಎರಡು ಟೇಪುಗಳು ಬೂಷ್ಟಿನಿಂದ ಮೂಕವಾಗಿಹೋಗಿದ್ದುವು. ಇದು ಉಳಿದದ್ದು ಕೇವಲ ಕೃಪೆಯೆಂದೇ ತಿಳಿಯಬೇಕು. ಆದಕಾರಣ ಈ ಕೆಲಸವನ್ನು ಮುಂದಿನ ರಜಕ್ಕೆಂದು ತಳ್ಳದೆ, ಇರುವ ಬಿಸಿಲುಗಾಲದಲ್ಲಿಯೇ ಆರಂಭಿಸಬೇಕೆಂದು ನಾವು ಒತ್ತಿ ಹೇಳುವೆವು.

೨. ಯಂತ್ರದ ಸ್ವರೂಪ

ಮನೆಯಲ್ಲಿಯೇ ಡಿ.ವಿ.ಡಿ. ತಟ್ಟೆಯ ಮೇಲೆ ಚಿತ್ರವನ್ನು ಮುದ್ರಿಸತಕ್ಕ ಯಂತ್ರವು ಮೊದಲು ಕಾಣಿಸಿಕೊಂಡದ್ದು ೧೯೯೯ರ ಕೊನೆಯಲ್ಲಿ, ಜಪಾನಿನಲ್ಲಿ. ಅದನ್ನು ಹೊರತಂದವರು ಪಯೊನಿಯರ್ ಕಂಪೆನಿಯವರು. ಅನಂತರದ ಕೆಲವೇ ವರ್ಷಗಳಲ್ಲಿ ತೋಷಿಬಾ, ಪ್ಯಾನಸೋನಿಕ್, ಪಯೊನಿಯರ್, ಸೋನಿ ಮೊದಲಾದವರು ಅದೇ ಪೆಟ್ಟಿಗೆಯೊಳಗೆ ಹಾರ್ಡ್ ಡ್ರೈವನ್ನೂ ಸೇರಿಸಿದರು. ಹೀಗೆ ಒಂದೇ ಯಂತ್ರದಲ್ಲಿ ಎರಡು ಉಗ್ರಾಣಗಳುಂಟಾದುವು. ಇವೆರಡರ ಭೇದವನ್ನು ತಿಳಿದುಕೊಂಡರೆ ಅರ್ಧ ವಿದ್ಯೆಯು ಕೈವಶವಾದಂತೆಯೇ.

ರೈತನ ಮನೆಯಲ್ಲಿ ಕಣವೂ ಉಂಟು, ಕಣಜವೂ ಉಂಟು. ಹೊಲದಿಂದ ಬಂದ ತೆನೆಯನ್ನು ಮೊದಲು ಕಣದಲ್ಲಿ ಹರವಿ, ತುಳಿಸಿ, ತೂರಿ, ಹೊಟ್ಟನ್ನು ಬೇರ್ಪಡಿಸುವನು. ಹಸನಾದ ಕಾಳನ್ನು ಕಣಜಕ್ಕೆ ತುಂಬಿ ಬಾಯಿ ಮುಚ್ಚುವನು. ಕಣದಲ್ಲಿಯೇ ಕಾಳನ್ನು ಬಿಟ್ಟವನು ಒಂದು ಮಳೆಗೆ ಎಲ್ಲವನ್ನೂ ಕಳೆದುಕೊಳ್ಳುವನು. ತೂರದೆ ಕಣಜಕ್ಕೆ ಸುರಿದವನು ವರ್ಷವಿಡೀ ಹೊಟ್ಟನ್ನು ಉಣ್ಣುವನು. ನಮ್ಮ ಯಂತ್ರದಲ್ಲಿ ಹಾರ್ಡ್ ಡ್ರೈವೇ ಕಣ, ಡಿ.ವಿ.ಡಿ. ತಟ್ಟೆಯೇ ಕಣಜ. ಈ ಒಂದು ಉಪಮಾನವನ್ನು ವಾಚಕರು ಲೇಖನದ ಕೊನೆಯವರೆಗೂ ನೆನಪಿನಲ್ಲಿಡಬೇಕೆಂದು ಕೋರುವೆವು.

ಹಾರ್ಡ್ ಡ್ರೈವಿನಲ್ಲಿ ಅಯಸ್ಕಾಂತ ಲೇಪವುಳ್ಳ ಗಟ್ಟಿಯಾದ ಬಿಲ್ಲೆಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತುಗಳ ವೇಗದಲ್ಲಿ ತಿರುಗುವುವು. ಅವುಗಳ ಮೇಲೆ ತಲೆಗೂದಲಿನ ಸಹಸ್ರಾಂಶಕ್ಕಿಂತಲೂ ಕಡಮೆ ಅಂತರದಲ್ಲಿ ಓದುಬರಹದ ಹೆಡ್ಡು ತೇಲುತ್ತಿರುವುದು. ಬೇಕಾದಷ್ಟು ಸಲ ಬರೆಯಬಹುದು, ಅಳಿಸಬಹುದು, ನಡುವಿನ ಭಾಗವನ್ನು ಕತ್ತರಿಸಬಹುದು. ಒಂದು ಕಾರ್ಯಕ್ರಮವು ಮುದ್ರಣವಾಗುತ್ತಿರುವಾಗಲೇ ಅದನ್ನು ಮೊದಲಿನಿಂದ ನೋಡುವುದಕ್ಕೂ ಸಾಧ್ಯವಿರುವುದು, ಏತಕ್ಕೆಂದರೆ ಹೆಡ್ಡು ಕ್ಷಣಾರ್ಧದಲ್ಲಿ ಎರಡೂ ಕಡೆಗೆ ಓಡಾಡಬಲ್ಲುದು.

ಡಿ.ವಿ.ಡಿ. ತಟ್ಟೆಯಾದರೋ ಹನ್ನೆರಡು ಸೆಂಟಿಮೀಟರು ಅಗಲದ್ದು. ಒಂದೇ ಪದರವುಳ್ಳದ್ದರಲ್ಲಿ ೪.೭ ಗಿಗಾಬೈಟ್‌ಗಳಷ್ಟು, ಎರಡು ಪದರವುಳ್ಳದ್ದರಲ್ಲಿ ೮.೫ ಗಿಗಾಬೈಟ್‌ಗಳಷ್ಟು ವಿಷಯವು ಹಿಡಿಯುವುದು. ಇದರಲ್ಲಿ ಅಯಸ್ಕಾಂತದ ಕೆಲಸವೇ ಇಲ್ಲ. ಕೆಂಪು ಬಣ್ಣದ ಲೇಸರ್ ಕಿರಣವು ತಟ್ಟೆಯೊಳಗಿನ ಬಣ್ಣದ ಪದರವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುವುದು. ಓದುವಾಗ ಅದೇ ಕಿರಣವು ಮಂದವಾಗಿ ಬಿದ್ದು ಆ ಗುರುತುಗಳನ್ನು ಕಂಡುಕೊಳ್ಳುವುದು.

೩. ಚಿತ್ರವು ಅಂಕಿಗಳಾಗುವ ಬಗೆ

ಟೇಪಿನಿಂದ ಬರುವ ಚಿತ್ರವನ್ನು ಯಂತ್ರವು ಅಂಕಿಗಳನ್ನಾಗಿ ಪರಿವರ್ತಿಸುವುದು. ನಮ್ಮ ದೇಶದ ಪಾಲ್ ಕ್ರಮದಲ್ಲಿ ಸೆಕೆಂಡಿಗೆ ೨೫ ಚಿತ್ರಗಳು. ಪ್ರತಿಯೊಂದು ಚಿತ್ರದಲ್ಲಿಯೂ ಅಡ್ಡಲಾಗಿ ೭೨೦, ಲಂಬವಾಗಿ ೫೭೬ ಬಿಂದುಗಳು. ಒಂದೊಂದು ಬಿಂದುವಿಗೆ ಎರಡು ಬೈಟುಗಳಂತೆ ನಮ್ಮ ಹೆಣ್ಣುಮಕ್ಕಳು ಗುಣಿಸಿ ನೋಡಲಿ: ಸೆಕೆಂಡಿಗೆ ಎರಡು ಕೋಟಿ ಏಳು ಲಕ್ಷಕ್ಕೂ ಮೀರಿದ ಬೈಟುಗಳಾಗುವುವು. ಈ ಲೆಕ್ಕದಲ್ಲಿ ಬರೆಯುತ್ತ ಹೋದರೆ ಒಂದು ತಟ್ಟೆಯು ನಾಲ್ಕು ನಿಮಿಷದೊಳಗಾಗಿ ತುಂಬಿಹೋಗುವುದು. ಆದರೂ ಅದೇ ತಟ್ಟೆಯಲ್ಲಿ ಎರಡು ಗಂಟೆಯ ಚಿತ್ರವು ಹಿಡಿಯುವುದಲ್ಲವೆ? ಇದು ಹೇಗೆ?

ಶಾಲೆಯ ಮೈದಾನದಲ್ಲಿ ಮಕ್ಕಳು ಕವಾಯತು ಮಾಡುತ್ತಿರುವುದನ್ನು ಭಾವಿಸಿರಿ. ಹಿಂದಿನ ಕಟ್ಟಡ, ಮರ, ಆಕಾಶ ಇವು ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ; ಕೈಕಾಲುಗಳು ಮಾತ್ರ ಚಲಿಸುವುವು. ಆದುದರಿಂದ ಯಂತ್ರವು ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣಚಿತ್ರವನ್ನು ಬರೆದುಕೊಂಡು, ನಡುವಿನ ಚಿತ್ರಗಳಲ್ಲಿ ಏನು ಬದಲಾಯಿತೆಂಬುದನ್ನು ಮಾತ್ರ ಟಿಪ್ಪಣಿ ಮಾಡಿಕೊಳ್ಳುವುದು. ಕಣ್ಣಿಗೆ ತಿಳಿಯದ ಸೂಕ್ಷ್ಮಗಳನ್ನೂ ಬಿಟ್ಟುಬಿಡುವುದು. ಈ ವಿಧಾನಕ್ಕೆ ಎಂಪೆಗ್ ೨ ಎಂದು ಹೆಸರು.

ಎಷ್ಟನ್ನು ಬಿಡಬೇಕೆಂಬುದನ್ನು ನಾವೇ ನಿಶ್ಚಯಿಸಬಹುದು. ಅದಕ್ಕಾಗಿಯೇ ಯಂತ್ರದಲ್ಲಿ ನಾಲ್ಕು ಬಗೆಯ ಮುದ್ರಣಕ್ರಮಗಳುಂಟು. ಎಕ್ಸ್.ಪಿ. ಎಂಬ ಕ್ರಮದಲ್ಲಿ ಒಂದು ತಟ್ಟೆಗೆ ಸುಮಾರು ಒಂದು ಗಂಟೆ, ಎಸ್.ಪಿ.ಯಲ್ಲಿ ಎರಡು ಗಂಟೆ, ಎಲ್.ಪಿ.ಯಲ್ಲಿ ನಾಲ್ಕು ಗಂಟೆ, ಇ.ಪಿ.ಯಲ್ಲಿ ಆರು ಗಂಟೆ, ಕೆಲವು ಯಂತ್ರಗಳಲ್ಲಿ ಎಂಟು ಗಂಟೆ. ಹಾರ್ಡ್ ಡ್ರೈವಿಗೂ ಇದೇ ಲೆಕ್ಕ: ೧೬೦ ಗಿಗಾಬೈಟಿನ ಡ್ರೈವು ಮೂವತ್ತನಾಲ್ಕು ತಟ್ಟೆಗಳಿಗೆ ಸಮನಾದುದರಿಂದ, ಎಸ್.ಪಿ. ಕ್ರಮದಲ್ಲಿ ಸುಮಾರು ಅರವತ್ತೆಂಟು ಗಂಟೆಗಳಷ್ಟು ಹಿಡಿಯುವುದು.

ಎಂಟು ಗಂಟೆಯೆಂಬ ಮಾತಿಗೆ ಮರುಳಾಗಿ ಒಂದೇ ತಟ್ಟೆಗೆ ಮೂರು ಮದುವೆಗಳನ್ನು ತುಂಬಲು ಹೋಗಬಾರದು. ಹಳೆಯ ಟೇಪಿನ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳು ಅಲುಗಾಡುತ್ತಿರುವುವು. ಅವೂ ಬದಲಾವಣೆಗಳೇ ಎಂದು ಯಂತ್ರವು ಎಣಿಸುವುದರಿಂದ ಅದರ ಶ್ರಮವೆಲ್ಲ ಅವುಗಳಿಗೇ ವ್ಯಯವಾಗಿ, ಮುಖಗಳು ಚೌಕಚೌಕವಾಗಿ ಒಡೆದು ಕಾಣುವುವು. ಆದಕಾರಣ ಟೇಪುಗಳ ರಕ್ಷಣೆಗೆ ಎಕ್ಸ್.ಪಿ. ಅಥವಾ ಎಸ್.ಪಿ. ಕ್ರಮವೇ ಯೋಗ್ಯವಾದದ್ದು. ತಟ್ಟೆಯೊಂದು ಹೆಚ್ಚಾದರೆ ನಷ್ಟವೇನೂ ಇಲ್ಲ.

೪. ಜೋಡಿಸುವ ಕ್ರಮ

ಟೇಪು ಓಡಿಸುವ ಯಂತ್ರದ ಹಿಂಭಾಗದಲ್ಲಿ ‘ಔಟ್’ ಎಂದು ಬರೆದಿರುವ ರಂಧ್ರಗಳಿಂದ ರೆಕಾರ್ಡರಿನ ‘ಇನ್’ ಎಂದು ಬರೆದಿರುವ ರಂಧ್ರಗಳಿಗೆ ಮೂರು ತಂತಿಗಳನ್ನು ಜೋಡಿಸಬೇಕು. ಹಳದಿಯದು ಚಿತ್ರಕ್ಕೆ, ಬಿಳಿಯದೂ ಕೆಂಪುಬಣ್ಣದ್ದೂ ಎಡಬಲಗಳ ಧ್ವನಿಗೆ. ಟೇಪು ಯಂತ್ರದಲ್ಲಿ ಧ್ವನಿಗೆ ಒಂದೇ ರಂಧ್ರವಿದ್ದರೆ, ಒಂದು ತುದಿ ಎರಡಾಗಿ ಕವಲೊಡೆಯುವ ತಂತಿಯನ್ನು ಕೊಂಡು ಎರಡಕ್ಕೂ ಜೋಡಿಸಿರಿ. ಇಲ್ಲದಿದ್ದರೆ ಹಾಡು ಒಂದು ಕಿವಿಗೆ ಮಾತ್ರ ಕೇಳಿಸೀತು. ಎಸ್-ವಿಡಿಯೋ ಎಂಬ ದುಂಡನೆಯ ರಂಧ್ರವು ಎರಡು ಯಂತ್ರಗಳಲ್ಲಿಯೂ ಇದ್ದರೆ ಹಳದಿಯ ತಂತಿಗೆ ಬದಲಾಗಿ ಅದನ್ನೇ ಬಳಸುವುದು ಉತ್ತಮ. ಅದರಲ್ಲಿ ಬೆಳಕು ಬಣ್ಣಗಳು ಬೇರೆಬೇರೆಯಾಗಿ ಸಾಗುವುದರಿಂದ ಅಂಚುಗಳು ತಿಳಿಯಾಗುವುವು.

ಬಳಿಕ ರೆಕಾರ್ಡರಿನಿಂದ ಟೆಲಿವಿಷನ್ನಿಗೆ ಇನ್ನೊಂದು ಸಂಪರ್ಕವನ್ನು ಕೊಡಬೇಕು. ರಿಮೋಟಿನಲ್ಲಿ ‘ಇನ್‌ಪುಟ್’ ಗುಂಡಿಯನ್ನು ಒತ್ತುತ್ತ ಹೋದರೆ ಎಲ್ ೧, ಎಲ್ ೨ ಎಂಬ ಅಕ್ಷರಗಳು ಬರುವುವು; ನೀವು ತಂತಿ ಜೋಡಿಸಿದ ರಂಧ್ರದ ಹೆಸರು ಬಂದಾಗ ಟೇಪಿನ ಚಿತ್ರವು ಪರದೆಯ ಮೇಲೆ ಮೂಡುವುದು.

ವಿದೇಶದಲ್ಲಿರುವವರು ಒಂದು ವಿಷಯವನ್ನು ಗಮನಿಸಬೇಕು. ಭಾರತ, ಇಂಗ್ಲೆಂಡ್ ಮೊದಲಾದ ದೇಶಗಳ ಟೇಪುಗಳು ೬೨೫ ಗೆರೆಗಳ ಪಾಲ್ ಕ್ರಮದವು. ಅಮೆರಿಕಾ, ಕೆನಡಾ, ಜಪಾನ್ ದೇಶಗಳವು ೫೨೫ ಗೆರೆಗಳ ಎನ್.ಟಿ.ಎಸ್.ಸಿ. ಕ್ರಮದವು. ಎರಡನೆಯದರಲ್ಲಿ ಸೆಕೆಂಡಿಗೆ ಸುಮಾರು ಮೂವತ್ತು ಚಿತ್ರಗಳು. ತೌರಿನಿಂದ ತಂದ ಮದುವೆಯ ಟೇಪು ಅಮೆರಿಕಾದ ಯಂತ್ರದಲ್ಲಿ ಕಾಣದಿರುವುದಕ್ಕೆ ಇದೇ ಕಾರಣ. ಟೇಪು ಕೆಟ್ಟಿತೆಂದು ಎಸೆಯಬೇಡಿರಿ. ಅನೇಕ ರೆಕಾರ್ಡರುಗಳಲ್ಲಿ ಈ ಎರಡರಲ್ಲೊಂದನ್ನು ಆರಿಸುವ ಏರ್ಪಾಡು ಉಂಟು. ಆದರೆ ಒಂದೇ ತಟ್ಟೆಯಲ್ಲಿ ಎರಡನ್ನೂ ಬೆರಸಕೂಡದು.

೫. ಹಾರ್ಡ್ ಡ್ರೈವಿಗೆ ಮುದ್ರಿಸುವುದು

ಟೇಪಿನಿಂದ ನೆಟ್ಟಗೆ ತಟ್ಟೆಗೇ ಮುದ್ರಿಸಬಾರದೆ ಎಂದು ಕೆಲವರು ಕೇಳುವರು. ಮಾಡಬಹುದು, ಆದರೆ ಅದು ತೂರದೆ ಕಣಜಕ್ಕೆ ಸುರಿದಂತೆ. ಒಮ್ಮೆ ಮಾತ್ರ ಬರೆಯತಕ್ಕ ತಟ್ಟೆಯಲ್ಲಿ ನಡುವೆ ಕರೆಂಟು ಹೋದರೂ, ಟೇಪು ಸಿಕ್ಕಿಕೊಂಡರೂ ಆ ತಟ್ಟೆಯು ವ್ಯರ್ಥವೇ. ಆದುದರಿಂದ ಎಲ್ಲವೂ ಮೊದಲು ಹಾರ್ಡ್ ಡ್ರೈವಿಗೆ ಬರಲಿ.

ಮೊದಲನೆಯದಾಗಿ, ಟೇಪಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದುಹಾಕಿರಿ. ಆಗ ಯಾರಾದರೂ ತಿಳಿಯದೆ ಬೇರೆ ಗುಂಡಿಯನ್ನೊತ್ತಿದರೂ ಅದರ ಮೇಲೆ ಮತ್ತೊಂದು ಮುದ್ರಣವಾಗಲಾರದು. ಎರಡನೆಯದಾಗಿ, ವರ್ಷಗಟ್ಟಲೆ ಅಲುಗಾಡದೆ ಇದ್ದ ಟೇಪನ್ನು ಕೊನೆಯವರೆಗೆ ಒಮ್ಮೆ ಮುಂದಕ್ಕೂ ಮತ್ತೆ ಹಿಂದಕ್ಕೂ ಸುತ್ತಿಸಿರಿ. ಒಂದಕ್ಕೊಂದು ಅಂಟಿಕೊಂಡ ಸುತ್ತುಗಳು ಸಡಿಲವಾಗುವುವು. ಮೂರನೆಯದಾಗಿ, ಐದು ನಿಮಿಷ ಓಡಿಸಿ ನೋಡಿ, ಪರದೆಯ ಮೇಲೆ ಅಡ್ಡಗೆರೆಗಳು ಕಂಡರೆ ‘ಟ್ರ್ಯಾಕಿಂಗ್’ ಗುಂಡಿಯಿಂದ ಸರಿಪಡಿಸಿರಿ.

ನಾಲ್ಕನೆಯದು ಅತಿಮುಖ್ಯವಾದರೂ ಬಹಳ ಜನರು ಕಾಣದೆ ಬಿಡುವ ಅಂಶ. ಅನೇಕ ರೆಕಾರ್ಡರುಗಳ ಪಟ್ಟಿಯಲ್ಲಿ, ಮುಂದೆ ತಟ್ಟೆಗೆ ಅತಿವೇಗವಾಗಿ ನಕಲು ಮಾಡಲು ಅನುಕೂಲವಾಗುವಂತೆ ಮುದ್ರಿಸಬೇಕೆ ಎಂಬ ಒಂದು ಪ್ರಶ್ನೆ ಇರುವುದು. ಅದಕ್ಕೆ ಮುದ್ರಣಕ್ಕೆ ಮೊದಲೇ ‘ಆನ್’ ಎಂಬ ಉತ್ತರವನ್ನು ಕೊಟ್ಟಿರಬೇಕು. ಇದನ್ನು ಬಿಟ್ಟರೆ, ಸಾಮಾನ್ಯ ತಟ್ಟೆಗೆ ಇಳಿಸುವಾಗ ಯಂತ್ರವು ಚಿತ್ರವನ್ನು ಬಿಚ್ಚಿ ಮತ್ತೆ ಮಡಿಸಬೇಕಾಗುವುದು. ಎರಡು ಗಂಟೆಯ ಚಿತ್ರಕ್ಕೆ ಎರಡು ಗಂಟೆ ಹಿಡಿಯುವುದಲ್ಲದೆ ಚಿತ್ರದ ಗುಣವೂ ತಗ್ಗುವುದು.

ಇಷ್ಟಾದ ಮೇಲೆ ರೆಕಾರ್ಡರಿನಲ್ಲಿ ಮುದ್ರಣವನ್ನು ಆರಂಭಿಸಿ, ಬಳಿಕ ಟೇಪನ್ನು ಓಡಿಸಿರಿ. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು; ಇದರಲ್ಲಿ ಅಡ್ಡದಾರಿಯಿಲ್ಲ. ಅನೇಕ ಯಂತ್ರಗಳಲ್ಲಿ ಮುದ್ರಣದ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಅರ್ಧ ಗಂಟೆ, ಒಂದು ಗಂಟೆ, ಒಂದೂವರೆ ಗಂಟೆ ಎಂದು ಅವಧಿಯನ್ನು ಗೊತ್ತುಮಾಡಬಹುದು. ಹೀಗೆ ಮಾಡಿಟ್ಟು ಗೃಹಿಣಿಯು ತನ್ನ ಕೆಲಸಕ್ಕೆ ಹೋಗಬಹುದು. ಅವಧಿ ಮುಗಿದೊಡನೆ ಯಂತ್ರವು ತಾನಾಗಿ ನಿಲ್ಲುವುದು.

ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಟೇಪುಗಳಲ್ಲಿ ನಕಲನ್ನು ತಡೆಯುವ ಮ್ಯಾಕ್ರೋವಿಷನ್ ಎಂಬ ಸಂಕೇತವಿದ್ದರೆ ರೆಕಾರ್ಡರು ಮುದ್ರಣವನ್ನು ನಿರಾಕರಿಸುವುದು. ಅದು ಹಕ್ಕುದಾರರ ರಕ್ಷಣೆಗಾಗಿ ಇರುವುದರಿಂದ ನಾವು ಆ ಗೊಡವೆಗೆ ಹೋಗತಕ್ಕದ್ದಲ್ಲ. ಆದರೆ ನಮ್ಮ ಸ್ವಂತ ಟೇಪಿಗೂ ಯಂತ್ರವು ಇದೇ ಉತ್ತರವನ್ನು ಕೊಟ್ಟರೆ, ಟೇಪಿನ ಸಂಕೇತವು ಅಸ್ಥಿರವಾಗಿರುವುದರಿಂದ ಅದನ್ನು ತಪ್ಪಾಗಿ ಭಾವಿಸಿತೆಂದು ತಿಳಿಯಬೇಕು. ಬೇರೊಂದು ಒಳ್ಳೆಯ ಟೇಪು ಯಂತ್ರದಲ್ಲಿ ಓಡಿಸಿದರೆ ಈ ತೊಂದರೆಯು ಎಷ್ಟೋ ವೇಳೆ ನಿವಾರಣೆಯಾಗುವುದು.

೬. ತೂರುವ ಕೆಲಸ

ಈಗ ತೆನೆಯು ಕಣಕ್ಕೆ ಬಂದಿತು. ಟೇಪಿನ ಮೊದಲಿನ ನೀಲಿಪರದೆ, ನಡುವಿನ ಬರಿಯ ಭಾಗ, ಕೊನೆಯ ಮರಳುಚುಕ್ಕೆಗಳು ಇವನ್ನು ‘ಭಾಗವನ್ನು ಅಳಿಸು’ ಎಂಬರ್ಥದ ಆಜ್ಞೆಯಿಂದ ತೆಗೆಯಬಹುದು. ಒಂದೇ ಟೇಪಿನಲ್ಲಿ ನಾಮಕರಣವೂ ಶಾಲೆಯ ನಾಟಕವೂ ಇದ್ದರೆ ಎರಡಾಗಿ ವಿಭಾಗಿಸಿ ಪ್ರತ್ಯೇಕ ಹೆಸರು ಕೊಡಬಹುದು. ಪುಸ್ತಕದಲ್ಲಿ ಅಧ್ಯಾಯಗಳಿರುವಂತೆ ಹಾಡು, ಭಾಷಣ, ಬಹುಮಾನ ವಿತರಣೆಗಳ ಮೊದಲಲ್ಲಿ ಗುರುತು ಹಾಕಬಹುದು. ಪೂರ್ಣಚಿತ್ರವು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಇರುವುದೆಂದು ಹಿಂದೆ ಹೇಳಿದೆವಷ್ಟೆ. ಆದುದರಿಂದ ಅತಿವೇಗದ ನಕಲಿನಲ್ಲಿ ಕತ್ತರಿಸಿದ ಸ್ಥಳವು ಅಷ್ಟರಮಟ್ಟಿಗೆ ಹಿಂದುಮುಂದಾಗಬಹುದು. ಮಾತಿನ ಅಂಚಿಗೆ ಕತ್ತರಿ ಹಾಕದೆ ಒಂದೆರಡು ಸೆಕೆಂಡು ಬಿಟ್ಟು ಹಾಕುವುದು ಜಾಣತನ.

ಇಲ್ಲಿ ನಮ್ಮ ಸಹೋದರಿಯರಿಗೆ ಒಂದು ಬುದ್ಧಿವಾದವನ್ನು ಹೇಳಲಿಚ್ಛಿಸುವೆವು. ಪ್ರಯೋಜನವಿಲ್ಲವೆಂದು ತೋರುವ ಭಾಗಗಳನ್ನು ಕತ್ತರಿಸಲು ಆತುರಪಡಬೇಡಿರಿ. ಅಧ್ಯಕ್ಷರ ಭಾಷಣವನ್ನು ಮೂವತ್ತು ವರ್ಷಗಳ ಮೇಲೆ ಯಾರೂ ಕೇಳಬಯಸುವುದಿಲ್ಲ. ಕ್ಯಾಮರಾ ಸುಮ್ಮನೆ ತಿರುಗಿದಾಗ ಸಿಕ್ಕಿದ, ಬೆಂಚು ಜೋಡಿಸುತ್ತಿದ್ದ ಆಯಾ, ಸೆರಗಿನಿಂದ ಮಗುವಿನ ಮೂಗೊರಸುತ್ತಿದ್ದ ತಾಯಿ, ಈಗ ಕಡಿದುಹೋಗಿರುವ ಹುಣಿಸೆಯ ಮರ, ಇವುಗಳನ್ನೇ ಕಣ್ಣುಗಳು ಹುಡುಕುವುವು. ಹೊಟ್ಟೆಂದು ತೂರಿದ್ದರಲ್ಲಿ ಕಾಳು ಹೋಗದಂತೆ ನೋಡಿಕೊಳ್ಳಬೇಕು.

೭. ತಟ್ಟೆಗೆ ಇಳಿಸುವುದು

ಅಂಗಡಿಯಲ್ಲಿ ದೊರೆಯುವ ತಟ್ಟೆಗಳ ಹೆಸರುಗಳು ಗೊಂದಲವನ್ನುಂಟುಮಾಡುವುವು. ಡಿ.ವಿ.ಡಿ.-ಆರ್ ಮತ್ತು ಡಿ.ವಿ.ಡಿ.+ಆರ್ ಎಂಬುವು ಒಂದು ಸಲ ಮಾತ್ರ ಬರೆಯತಕ್ಕವು. ಆರ್.ಡಬ್ಲ್ಯು. ಎಂದು ಕೊನೆಯಾಗುವುವು ಸುಮಾರು ಸಾವಿರ ಸಲ ಅಳಿಸಿ ಬರೆಯತಕ್ಕವು. ಡಿ.ವಿ.ಡಿ.-ರ‍್ಯಾಮ್ ಎಂಬುದನ್ನು ಲಕ್ಷ ಸಲ ಅಳಿಸಿ ಬರೆಯಬಹುದೆನ್ನುವರು. ಆದರೆ ಅದು ಸಾಧಾರಣ ಪ್ಲೇಯರುಗಳಲ್ಲಿ ಓಡುವುದಿಲ್ಲ. ಸಂಗ್ರಹಿಸಿಡುವುದಕ್ಕೂ ಬಂಧುಗಳಿಗೆ ಹಂಚುವುದಕ್ಕೂ ಒಂದು ಸಲ ಬರೆಯುವ ತಟ್ಟೆಯೇ ಯೋಗ್ಯ. ಅಳಿಸಲಾಗದಿರುವುದೇ ಇಲ್ಲಿ ಅದರ ಗುಣ. ನಿಮ್ಮ ರೆಕಾರ್ಡರು ‘-’ ಗುರುತಿನದನ್ನು ಒಪ್ಪುವುದೋ ‘+’ ಗುರುತಿನದನ್ನೋ ಎಂಬುದನ್ನು ಅದರ ಮುಖದ ಮೇಲಿನ ಚಿಹ್ನೆಗಳಿಂದ ತಿಳಿದುಕೊಂಡು ಕೊಳ್ಳಿರಿ.

ಖಾಲಿ ತಟ್ಟೆಯನ್ನಿಟ್ಟು, ‘ಕಾಪಿ’ ಅಥವಾ ‘ಡಬ್ಬಿಂಗ್’ ಎಂಬ ಪಟ್ಟಿಯನ್ನು ತೆರೆದು, ಬೇಕಾದ ಶೀರ್ಷಿಕೆಗಳನ್ನು ಆರಿಸಿ, ಅತಿವೇಗದ ನಕಲಿಗೆ ಅಪ್ಪಣೆ ಕೊಟ್ಟರೆ ಹತ್ತು ಹದಿನೈದು ನಿಮಿಷಗಳಲ್ಲಿ ತಟ್ಟೆಯು ತುಂಬುವುದು. ಇದರಲ್ಲಿ ಅಂಕಿಗಳು ಇದ್ದುದು ಇದ್ದಂತೆಯೇ ನಕಲಾಗುವುದರಿಂದ ಹತ್ತನೆಯ ತಟ್ಟೆಯೂ ಮೊದಲನೆಯದರಷ್ಟೇ ಚೆನ್ನಾಗಿರುವುದು. ಟೇಪಿನಿಂದ ಟೇಪಿಗೆ ನಕಲು ಮಾಡಿಸಿದವರಿಗೆ ಇದೆಂತಹ ಭಾಗ್ಯವೆಂದು ತಿಳಿಯುವುದು.

ಆದರೆ ಕೆಲಸವು ಇಲ್ಲಿಗೆ ಮುಗಿಯಲಿಲ್ಲ. ಕಣಜವನ್ನು ತುಂಬಿದ ಮೇಲೆ ಬಾಯಿಗೆ ಮೆತ್ತಬೇಕಷ್ಟೆ? ಹಾಗೆಯೇ ತಟ್ಟೆಯನ್ನು ‘ಫೈನಲೈಸ್’ ಮಾಡಬೇಕು. ತಟ್ಟೆಯಲ್ಲಿ ಏನೇನು ಎಲ್ಲೆಲ್ಲಿರುವುದೆಂಬ ಅನುಕ್ರಮಣಿಕೆಯನ್ನು ಬರೆದು ಮುಗಿಸುವುದೇ ಈ ಕ್ರಿಯೆ. ಇದನ್ನು ಮಾಡದ ತಟ್ಟೆಯು ಮುದ್ರಿಸಿದ ಯಂತ್ರದಲ್ಲಿ ಮಾತ್ರ ಕಾಣುವುದು. ದುಬಾಯಿಯಲ್ಲಿರುವ ಮಗಳಿಗೆ ಕಳುಹಿಸಿದರೆ ಖಾಲಿಯೆಂದು ಅವಳು ಬರೆದಾಳು. ಒಮ್ಮೆ ಹೀಗೆ ಮಾಡಿದ ಮೇಲೆ ಅದಕ್ಕೆ ಇನ್ನೇನನ್ನೂ ಸೇರಿಸಲಾಗದು. ಈ ಕ್ರಿಯೆಗೆ ಹಿಡಿಯುವ ಕೆಲವು ನಿಮಿಷಗಳಲ್ಲಿ ವಿದ್ಯುತ್ತು ತಪ್ಪಿದರೆ ತಟ್ಟೆಯು ಹಾಳಾಗುವುದರಿಂದ, ರೆಕಾರ್ಡರಿಗೆ ಒಂದು ಯು.ಪಿ.ಎಸ್. ಆಸರೆಯಿರುವುದು ಅಗತ್ಯ. ಇಂದು ಮಾರಿಹೋದ ಹಳೆಯ ರೆಕಾರ್ಡರಿನಲ್ಲಿ ಫೈನಲೈಸ್ ಆಗದೆ ಉಳಿದ ತಟ್ಟೆಗಳು ನಾಳೆ ಓದಲಾರದ ಲಿಪಿಯಾಗುವುವು. ಅಂಥವು ಮನೆಯಲ್ಲಿದ್ದರೆ ಯಂತ್ರವಿರುವಾಗಲೇ ಹುಡುಕಿ ಮುಗಿಸಿಬಿಡಿರಿ.

ತಟ್ಟೆಯನ್ನು ಅಂಚಿನಲ್ಲಿ ಹಿಡಿಯಬೇಕು. ಅದರ ಮೇಲೆ ಕಾಗದದ ಚೀಟಿಯನ್ನು ಅಂಟಿಸಕೂಡದು. ವೇಗವಾಗಿ ತಿರುಗುವಾಗ ತೂಕವು ತಪ್ಪುವುದು. ತಟ್ಟೆಗಳಿಗೆಂದೇ ಮಾಡಿದ ಮೃದುವಾದ ಲೇಖನಿಯಿಂದ ಬರೆಯಿರಿ. ಬಣ್ಣದ ಪದರವು ಬಿಸಿಲಿಗೂ ಶಾಖಕ್ಕೂ ಮಾಸುವುದರಿಂದ ಕತ್ತಲೆಯಲ್ಲಿ, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿಡಿರಿ.

೮. ಕೆಲವು ಎಚ್ಚರಿಕೆಗಳು

ಹಾರ್ಡ್ ಡ್ರೈವನ್ನೇ ಭಂಡಾರವೆಂದು ನಂಬಿ ಕೂರಬಾರದು. ಅದು ತಿರುಗುವ ಯಂತ್ರ. ಒಂದಲ್ಲ ಒಂದು ದಿನ ನಿಲ್ಲುವುದು. ಕಂಪ್ಯೂಟರಿಗೆ ಜೋಡಿಸಿ ಅದರಲ್ಲಿರುವುದನ್ನು ಹೊರತೆಗೆಯೋಣವೆಂದರೆ, ಬಹುಮಟ್ಟಿನ ರೆಕಾರ್ಡರುಗಳು ಕಂಪ್ಯೂಟರು ಸುಲಭವಾಗಿ ಓದುವ ಕ್ರಮದಲ್ಲಿ ಬರೆಯುವುದಿಲ್ಲ. ಟಕಟಕನೆಂಬ ಹೊಸ ಶಬ್ದವು ಕೇಳಿಬಂದರೆ ಬೇರೆಲ್ಲ ಕೆಲಸವನ್ನೂ ಬಿಟ್ಟು ಅದರಲ್ಲಿರುವುದನ್ನು ತಟ್ಟೆಗಳಿಗೆ ಇಳಿಸಿರಿ. ಯಂತ್ರವು ನಡೆಯುತ್ತಿರುವಾಗ ಅದನ್ನು ಎತ್ತುವುದಾಗಲಿ ಪ್ಲಗ್ಗನ್ನು ಕೀಳುವುದಾಗಲಿ ಸಲ್ಲದು. ರಿಮೋಟಿನಿಂದ ಆರಿಸಿ ಸ್ವಲ್ಪ ಹೊತ್ತು ಕಾದು ಬಳಿಕ ಸ್ವಿಚ್ಚನ್ನು ತೆಗೆಯಬೇಕು. ‘ಫಾರ್ಮ್ಯಾಟ್’ ಎಂಬ ಆಜ್ಞೆಯು ಎಲ್ಲವನ್ನೂ ಅಳಿಸುವುದೆಂದು ಮನೆಯ ಮಕ್ಕಳಿಗೆ ಮುಂಚೆಯೇ ತಿಳಿಸಿಡಿರಿ.

ಈ ಯಂತ್ರದಿಂದ ಟೆಲಿವಿಷನ್ ಕಾರ್ಯಕ್ರಮಗಳನ್ನು ಮುದ್ರಿಸಬಹುದೆ ಎಂಬ ಪ್ರಶ್ನೆಯೂ ಬರುವುದುಂಟು. ಇವುಗಳಲ್ಲಿ ಬಹುಪಾಲಿನ ಒಳಗಿರುವ ಟ್ಯೂನರು ಹಳೆಯ ಅನಲಾಗ್ ಪ್ರಸಾರಕ್ಕೆ ಹೊಂದಿದ್ದು. ಕೇಬಲ್ ಪ್ರಸಾರವು ೨೦೧೨ರಿಂದ ೨೦೧೭ರವರೆಗೆ ಹಂತಹಂತವಾಗಿ ಡಿಜಿಟಲ್ ಆಯಿತು; ಬೆಂಗಳೂರು, ಮೈಸೂರುಗಳು ೨೦೧೩ರ ಎರಡನೆಯ ಹಂತಕ್ಕೆ ಸೇರಿದ್ದುವು. ಆದುದರಿಂದ ಸೆಟ್‌ಟಾಪ್ ಪೆಟ್ಟಿಗೆಯಿಂದ ಮೇಲೆ ಹೇಳಿದ ಮೂರು ತಂತಿಗಳ ಮೂಲಕವೇ ಚಿತ್ರವನ್ನು ತರಬೇಕಾಗುವುದು. ಅದಕ್ಕಿಂತ ಹಳೆಯ ಟೇಪುಗಳ ಕೆಲಸಕ್ಕೆ ಈ ಯಂತ್ರವನ್ನು ಮೀಸಲಿಡುವುದೇ ಮೇಲೆಂದು ನಮ್ಮ ಅಭಿಪ್ರಾಯ. ಈಗ ಇಂತಹ ಯಂತ್ರಗಳು ಹೊಸದಾಗಿ ದೊರೆಯುವುದು ಬಹು ವಿರಳ. ಇರುವುದರ ಆಯುಸ್ಸನ್ನು ಹಿತಮಿತವಾಗಿ ವ್ಯಯಿಸಬೇಕು.

೯. ಉಪಸಂಹಾರ

ತಟ್ಟೆಯೂ ಶಾಶ್ವತವಲ್ಲ. ಆದಕಾರಣ ಪ್ರತಿಯೊಂದರ ಎರಡು ನಕಲುಗಳನ್ನು ಮಾಡಿ, ಒಂದನ್ನು ನಿಮ್ಮ ಮನೆಯಲ್ಲಿಯೂ ಇನ್ನೊಂದನ್ನು ಬೇರೊಂದು ಊರಿನಲ್ಲಿರುವ ಬಂಧುಗಳಲ್ಲಿಯೂ ಇಡಿರಿ. ಫೈನಲೈಸ್ ಆದ ತಟ್ಟೆಯನ್ನು ಕಂಪ್ಯೂಟರಿನಲ್ಲಿಟ್ಟರೆ ‘ವಿಡಿಯೋ ಟಿ.ಎಸ್.’ ಎಂಬ ಹೆಸರಿನ ಕಡತವು ಕಾಣುವುದು. ಅದನ್ನು ಹಾಗೆಯೇ ಹೊರಗಿನ ಡ್ರೈವಿಗೆ ನಕಲು ಮಾಡಿಟ್ಟರೆ ಮೂರನೆಯ ರಕ್ಷೆಯಾಯಿತು. ಮೂಲ ಟೇಪನ್ನು ಮಾತ್ರ ಎಸೆಯಬೇಡಿರಿ.

ಇನ್ನೆರಡು ಮಾತುಗಳು. ಟೇಪಿನಲ್ಲಿರುವವರು ಯಾರು ಯಾರೆಂಬುದನ್ನು, ಬಲ್ಲ ಹಿರಿಯರು ಇರುವಾಗಲೇ ಕೇಳಿ, ಒಂದು ಹಾಳೆಯಲ್ಲಿ ಬರೆದು ತಟ್ಟೆಯೊಡನೆ ಇಡಿರಿ. ಹೆಸರು ತಿಳಿಯದ ಮುಖವು ಅರ್ಧ ಕಳೆದುಹೋದ ಮುಖವೇ ಸರಿ. ಯಂತ್ರವು ಚಿತ್ರವನ್ನು ಉಳಿಸಬಲ್ಲುದಲ್ಲದೆ ಹೆಸರನ್ನು ಉಳಿಸಲಾರದು. ಎರಡನೆಯದಾಗಿ, ಶಾಲೆಯ ನಾಟಕದಲ್ಲಿ ನಿಮ್ಮ ಮಗಳೊಬ್ಬಳೇ ಇರುವುದಿಲ್ಲ. ಬೇರೆಯವರ ಹೆಣ್ಣುಮಕ್ಕಳೂ ಇರುವರು. ಅವರ ಒಪ್ಪಿಗೆಯಿಲ್ಲದೆ ಅಂತಹ ಚಿತ್ರಗಳನ್ನು ಎಲ್ಲರೂ ಕಾಣುವ ಕಡೆ ಪ್ರಕಟಿಸುವುದು ಸೌಜನ್ಯವಲ್ಲ. ಮನೆಯವರೊಡನೆಯೂ ಗೆಳತಿಯರೊಡನೆಯೂ ಕುಳಿತು ನೋಡಿ ಸಂತೋಷಪಡಿರಿ.

ನಮ್ಮ ಶಾಲೆಗೆ ಸಂಬಂಧಪಟ್ಟ ಟೇಪುಗಳು ಯಾರಲ್ಲಿಯಾದರೂ ಇದ್ದರೆ, ಅವುಗಳ ಒಂದು ನಕಲನ್ನು ಶಾಲೆಯ ಪುಸ್ತಕಭಂಡಾರಕ್ಕೆ ದಯಪಾಲಿಸಬೇಕೆಂದು ವಿನಯಪೂರ್ವಕವಾಗಿ ಬೇಡುವೆವು. ಇಂದಿನ ಮಕ್ಕಳು ತಮ್ಮ ತಾಯಂದಿರನ್ನು, ಇದೇ ಅಂಗಳದಲ್ಲಿ, ಇದೇ ವಯಸ್ಸಿನಲ್ಲಿ, ಎರಡು ಜಡೆ ಹಾಕಿಕೊಂಡು ಓಡಾಡುತ್ತಿರುವುದನ್ನು ಕಾಣುವಂತಾಗಲಿ.